ಕಾಶವ್ವನ ಬೆರಳಿನ ಬಣ್ಣ

ಕಾಶವ್ವನ ಎಡಗೈ ತೋರುಬೆರಳಿನಲ್ಲಿ ಒಂದು ಗೀರಿತ್ತು. ಗಾಯದ್ದಲ್ಲ. ನಲವತ್ತು ವರ್ಷ ಅದೇ ಜಾಗದ ಮೇಲೆ ನೂಲು ಓಡಿ ಕೊರೆದದ್ದು. ಬನಹಟ್ಟಿಯ ನಮ್ಮ ಓಣಿಯ ಮಗ್ಗಗಳಿಗೆಲ್ಲ ಅವಳೇ ರಾಟೆಯ ಮುಂದೆ ಕೂತು ಸಣ್ಣ ಕೊಳವೆಗೆ ನೂಲು ಸುತ್ತಿ ಕಂಡಿಕೆ ಮಾಡಿಕೊಡುತ್ತಿದ್ದಳು. ಅದನ್ನು ಲಾಳಿಯೊಳಗೆ ಹಾಕಿ ಗಂಡಸರು ಸೀರೆ ನೇಯುತ್ತಿದ್ದರು. ನೂಲು ಹಸಿ ಇರುತ್ತಿತ್ತು, ಬಣ್ಣ ಬೆರಳಿಗೆ ಹತ್ತುತ್ತಿತ್ತು. ಓಣಿಯಲ್ಲಿ ಯಾವ ಬಣ್ಣದ ಸೀರೆ ನಡೆದಿದೆ ಎಂದು ಅವಳ ಬೆರಳು ನೋಡಿಯೇ ಹೇಳಬಹುದಿತ್ತು. ಆ ಬೆರಳಿನಿಂದಲೇ ಮಂದಿಯ ಪಕ್ಕೆ ತಿವಿದು ಮಾತಾಡುತ್ತಿದ್ದಳು. ಮಾತೂ ತಿವಿಯುವಂಥದ್ದೇ.

ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಹೊಸತು. ನನ್ನ ಮೊದಲ ಬಸಿರು ಐದನೇ ತಿಂಗಳಿಗೆ ಹೋಯಿತು. ಮನೆಯವರಷ್ಟೇ ಸೇರಿ ಗುಟ್ಟಾಗಿ ಮಾಡುವ ಸೀಮಂತ, ಕಳ್ಳ ಕುಬಸ, ಮುಗಿದು ಎಂಟು ದಿನ ಆಗಿರಲಿಲ್ಲ. ಹೆಂಗಸರು ಬಂದು, "ಹೋಗ್ಲಿ ಬಿಡು, ಇನ್ನೂ ಸಣ್ಣಾಕಿ ಅದಿ" ಅಂದು ಚಹಾ ಕುಡಿದು ಹೋದರು. ಕಾಶವ್ವ ಮಾತ್ರ ಬಾಗಿಲಲ್ಲಿ ನಿಂತೇ ಕೇಳಿದಳು.

"ಗಂಡೋ, ಹೆಣ್ಣೋ?"

"ಹೆಣ್ಣು" ಅಂದೆ.

"ನಂದೂ ಎರಡನೇದು ಹೆಣ್ಣ ಇತ್ತು."

ನಾಲ್ಕು ಬಸಿರು ಹೊತ್ತಿದ್ದಳಂತೆ. ಒಂದೂ ಉಳಿಯಲಿಲ್ಲ. ಆಮೇಲೆ ಗಂಡನೂ ಉಳಿಯಲಿಲ್ಲ. ಅವತ್ತು ಹೊತ್ತು ಮುಳುಗುವತನಕ ನನ್ನ ಹತ್ತಿರ ಕೂತಿದ್ದಳು.

ವರ್ಷ ದಾಟಿ ಮತ್ತೆ ಬಸಿರು ನಿಂತಿತು. ಮಗ್ಗದ ಬಡಿತಕ್ಕೇ ಮೊದಲಿನದು ಹೋಯಿತೆಂದು ನಮ್ಮತ್ತೆ ಬಸವ್ವ ತೀರ್ಮಾನಿಸಿದಳು. ಗಂಡ ನೇಯುವುದಕ್ಕೆ ಅಣ್ಣನ ಮನೆಗೆ ಹೋಗತೊಡಗಿದ. ಮನೆಯಲ್ಲಿ ಸಪ್ಪಳವೇ ಇಲ್ಲ. ನನಗೆ ಮಲಗುವುದೊಂದೇ ಕೆಲಸ. ದಿನಕ್ಕೆ ಹತ್ತು ಸಲ ಹಿತ್ತಲಿಗೆ ಹೋಗಿ ಸೀರೆಗೆ ರಕ್ತ ಹತ್ತಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ನೋಡಿ ನೋಡಿಯೇ ದಣಿದಿದ್ದೆ. ಜಮಖಂಡಿಯ ಡಾಕ್ಟರು ಏನೂ ಆಗುವುದಿಲ್ಲ ಅಂದರು. ಅತ್ತೆಯೂ ಹಾಗೇ ಅಂದಳು, ಅಂದು ಹೊಸದೊಂದು ಹರಕೆ ಹೊತ್ತಳು.

ಒಂದು ಮುಂಜಾನೆ ಕಾಶವ್ವ ರಾಟೆ ಹೊತ್ತುಕೊಂಡು ಬಂದಳು.

"ಬಸವ್ವಾ, ನಮ್ಮ ಮನ್ಯಾಗ ಬೆಳಕಿಲ್ಲ. ನಿಮ್ಮ ಪಡಸಾಲ್ಯಾಗ ಕುಂದರ್ತೀನಿ."

"ನಲವತ್ತ ವರ್ಷ ಇದ್ದ ಬೆಳಕು ಈಗೆಲ್ಲಿ ಹೋತ ಬೇ?"

"ನನ್ನ ಹಲ್ಲು ಹೋದಲ್ಲೇ ಹೋಗೇತಿ. ಸರಿ ಅತ್ಲಾಗ."

ನನ್ನ ಎರಡೂ ಕೈಗೆ ನೂಲಿನ ಲಡಿ ತೊಡಿಸಿ ಎದುರಿಗೆ ಕೂರಿಸಿಕೊಂಡಳು. ನಾನು ಕೇಳಿದೆ:

"ಆಯೀ, ಈ ಸಲ ನಿಲ್ಲತೈತೇನ ಬೇ?"

"ನನಗೇನ ಗೊತ್ತ? ಏನೂ ಆಗೂದಿಲ್ಲ ಅನ್ನಾವ್ರು ಓಣಿ ತುಂಬ ಅದಾರ, ಅವರ್ನ ಕೇಳು."

"ಕೇಳೇನಿ. ನಂಬಿಗಿ ಬರವಲ್ದು."

"ಬರೂದಿಲ್ಲ. ನನಗೂ ಬರ್ತಿದ್ದಿಲ್ಲ. ಇವತ್ತ ಐತೋ ಇಲ್ಲೋ?"

"ಐತಿ."

"ಹಂಗಾರ ಲಡಿ ಜಗ್ಗಿ ಹಿಡಿ, ಸಡ್ಲ ಬಿಡಬ್ಯಾಡ."

ಮರುದಿನ ನಾನು ಅದೇ ಕೇಳಿದೆ, ಅವಳು ಅದೇ ಹೇಳಿದಳು. ದಿನಾ ಹೀಗೇ. ಹೆದರಿಕೆ ಹೋಗಲಿಲ್ಲ. ಹಿತ್ತಲಿಗೆ ಹೋಗುವುದು ಹತ್ತರಿಂದ ನಾಲ್ಕಕ್ಕೆ ಇಳಿಯಿತು, ಅಷ್ಟೇ.

ಐದನೇ ತಿಂಗಳು ನಡೆದಿತ್ತು. ಒಂದು ಮಧ್ಯಾಹ್ನ ಹಿತ್ತಲಿಗೆ ಹೋಗಿ ನೋಡಿದರೆ ಸೀರೆಯ ಹಿಂದೆಲ್ಲ ಕೆಂಪು. ಅಲ್ಲೇ ಗೋಡೆ ಹಿಡಿದು ಕುಸಿದೆ. ಅತ್ತೆ ಓಡಿಬಂದು ಹಣೆ ಬಡಿದುಕೊಳ್ಳತೊಡಗಿದಳು. ಕಾಶವ್ವ ನನ್ನ ಸೀರೆ ಜಗ್ಗಿ ಮೂಸಿದಳು, ನೀರು ಹಾಕಿ ತಿಕ್ಕಿದಳು.

"ಬಸವ್ವಾ, ಬಾಯಿ ಮುಚ್ಚು. ರಕ್ತ ಅಲ್ಲ, ಬಣ್ಣ. ಸೆರಗಿನ ನೂಲಿಂದು. ಹಸಿ ಲಡಿ ಇಟ್ಟಿದ್ದ ಚಾಪಿ ಮ್ಯಾಲ ಕುಂತಾಳ ನಿನ್ನ ಸೊಸಿ."

ಅತ್ತೆ ನಕ್ಕಳು, ಅತ್ತಳು. ಕಾಶವ್ವ ನಗಲಿಲ್ಲ. ರಾಟೆಯ ಮುಂದೆ ಹೋಗಿ ಕೂತಳು. ಎಳೆ ಮೂರು ಸಲ ಹರಿಯಿತು. ಇವಳೂ ನನ್ನಷ್ಟೇ ಹೆದರಿಕೊಂಡಿದ್ದಾಳೆ ಎಂದು ಅವತ್ತು ತಿಳಿಯಿತು.

ಮರುದಿನದಿಂದ ಅವಳು ಕೆಂಪು ನೂಲು ಮುಟ್ಟಲಿಲ್ಲ. ನಮ್ಮ ಕಡೆ ಸೀರೆಯ ಮೈ ಯಾವ ಬಣ್ಣದ್ದಿದ್ದರೂ ಸೆರಗು ಕೆಂಪೇ. "ಕೆಂಪು ನನ್ನ ಕಣ್ಣಿಗೆ ಆಗವಲ್ದು, ಬ್ಯಾರೇದವರಿಗೆ ಕೊಡ್ರಿ" ಅಂದಳು. ನೇಕಾರರು ಬೈದರು. ಬೈಸಿಕೊಂಡಳು. ಬೆರಳು ಕಪ್ಪಾಯಿತು, ನೀಲಿಯಾಯಿತು, ಹಸಿರಾಯಿತು. ಕೆಂಪಾಗಲಿಲ್ಲ.

ಏಳನೇ ತಿಂಗಳಲ್ಲಿ ಓಣಿಯನ್ನೆಲ್ಲ ಕರೆದು ದೊಡ್ಡ ಕುಬಸ ಆಯಿತು. ಕರೆದರೂ ಕಾಶವ್ವ ಬರಲಿಲ್ಲ. ಮಕ್ಕಳಿಲ್ಲದ ರಂಡೆ, ಬಂದರೆ ಮಂದಿ ಆಡಿಕೊಳ್ಳುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಮುಧೋಳದ ತವರಿಗೆ ಹೊರಟ ದಿನ ಮಾತ್ರ ಗಾಡಿಯ ಹತ್ತಿರ ಬಂದು ನಿಂತಳು.

"ಆಯೀ, ಏನೂ ಆಗೂದಿಲ್ಲ ಅನ್ನು. ಸುಳ್ಳರ ಹೇಳ ಒಮ್ಮಿ" ಅಂದೆ.

"ಸುಳ್ಳ ಹೇಳಾಕ ನಿಮ್ಮತ್ತಿ ಅದಾಳ" ಅಂದು ಪಕ್ಕೆಗೆ ತಿವಿದಳು. "ಹಡದ ಸುದ್ದಿ ಕಳಸು."

ಮಗಳು ಹುಟ್ಟಿದಳು, ಉಳಿದಳು. ಸುದ್ದಿ ಕಳಿಸಿದೆ. ಐದು ತಿಂಗಳು ಬಿಟ್ಟು ಕೂಸು ಎತ್ತಿಕೊಂಡು ಬನಹಟ್ಟಿಗೆ ಬಂದಾಗ ಕಾಶವ್ವ ಜ್ವರ ಬಂದು ಸತ್ತು ಹದಿನೈದು ದಿನವಾಗಿತ್ತು. ಅವಳ ರಾಟೆ, ಬುಟ್ಟಿ ನಮ್ಮ ಪಡಸಾಲೆಯಲ್ಲೇ ಇದ್ದವು. ಬುಟ್ಟಿಯ ತುಂಬ ಕೆಂಪು ಕಂಡಿಕೆ.

"ನೀ ಹಡದ ಸುದ್ದಿ ಬಂತಲ್ಲ, ಅವತ್ತ ಹೋಗಿ ಕೆಂಪು ನೂಲು ಇಸಗೊಂಡ ಬಂದ್ಲ" ಅಂದಳು ಅತ್ತೆ. "ಕಣ್ಣು ಆರಾಮ ಆತೇನ ಬೇ ಅಂದ್ರ, ಆತು ಅಂದ್ಲ."

ಅರ್ಧ ಸುತ್ತಿದ್ದೊಂದು ರಾಟೆಯಲ್ಲೇ ಇತ್ತು. ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ನೂಲು ನೆನೆಸಿ ಉಳಿದರ್ಧ ಸುತ್ತಿದೆ. ಬೆರಳಿಗೆ ಕೆಂಪು ಹತ್ತಿತು. ಬಣ್ಣ, ಅಷ್ಟೇ. ಎದ್ದು ತೊಳೆದುಕೊಂಡೆ.