ನಿಂತ ಕಾರಿನ ಓಟ

ನಗೆ ಧಾರಾವಾಹಿಗಳಲ್ಲಿ ಗಂಡ ಹೆಂಡತಿ ಜಗಳಾಡುತ್ತ ಕಾರಿನಲ್ಲಿ ಹೋಗುತ್ತಾರಲ್ಲ, ಆ ಕಾರು ಒಂದು ಗೇಣೂ ಮುಂದೆ ಹೋಗಿರುವುದಿಲ್ಲ. ನಮ್ಮದು ಕಲಬುರಗಿಯ ಸೇಡಂ ರಸ್ತೆಯ ಗೋದಾಮೊಂದರಲ್ಲಿ ನಿಂತಿರುತ್ತಿತ್ತು. ಇಬ್ಬರು ಬಂಪರಿನ ಕೆಳಗೆ ಹಲಗೆ ತೂರಿಸಿ ಕುಲುಕಿಸಬೇಕು. ಒಬ್ಬ ದೀಪದ ಮುಂದೆ ಬೇವಿನ ಟೊಂಗೆ ಹಿಡಿದು ಓಡಬೇಕು. ಗಾಜಿನ ಮೇಲೆ ಗಿಡಗಳ ನೆರಳು ಸರಿದುಹೋದಂತೆ ಕಾಣುತ್ತದೆ. ಮಾತು ರೆಕಾರ್ಡ್ ಮಾಡುವ ನಾನು ಹೆಡ್‌ಫೋನ್ ಹಾಕಿಕೊಂಡು, ಕರಿ ಚಾದರ ಹೊದ್ದು, ಹಿಂದಿನ ಸೀಟಿನ ಕೆಳಗೆ ಮುದುಡಿ ಮಲಗಿರುತ್ತಿದ್ದೆ. ಜೋರಾಗಿ ಉಸಿರು ಬಿಟ್ಟರೂ ನಿರ್ದೇಶಕ ಬೈಯುತ್ತಿದ್ದ.

ಇದನ್ನೆಲ್ಲ ಅವ್ವನಿಗೆ ಬಿಡಿಸಿ ಹೇಳಿದ್ದೆ. ನಾನು ಸಣ್ಣವಳಿದ್ದಾಗ ಮಹಾಗಾಂವದ ಹತ್ತಿರ ನಾವಿದ್ದ ಟೆಂಪೊ ಉರುಳಿ ಅಪ್ಪ ತೀರಿಕೊಂಡ. ಆಗ ನಾನು “ಯವ್ವಾ!” ಎಂದು ಒದರಿದ್ದು ಇನ್ನೂ ಕಿವಿಯಲ್ಲಿದೆ ಎನ್ನುತ್ತಾಳೆ ಅವ್ವ. ಗಾಡಿ ಎಂದರೆ ಅವಳ ಎದೆ ಹಾರುತ್ತದೆ.

“ನಿಂತ ಗಾಡ್ಯಾಗ ಮಕ್ಕೊಂಡು ಪಗಾರ ತರ್ತಿ. ಛಲೋ ಆತು ಬಿಡವ್ವ,” ಎಂದು ನಕ್ಕಿದ್ದಳು.

ಒಂದು ದಿನ ನಿರ್ದೇಶಕನಿಗೆ ಹುಕಿ ಬಂತು. “ಮಂದಿ ಶಾಣ್ಯಾ ಆಗ್ಯಾರ. ಖರೇ ರೋಡೇ ಬೇಕು. ಕಮಲಾಪುರ ಕಡಿ ಹೋಗಮು ನಡ್ರಿ,” ಎಂದ. ಗಂಡನ ಪಾತ್ರದ ನಟನಿಗೆ ಕಾರು ಓಡಿಸಲು ಬರುತ್ತದೆ, ಅದರಲ್ಲೇನಿಲ್ಲ. ಆದರೆ ವರ್ಷಗಟ್ಟಲೆ ನಿಂತ ಕಾರಿನಲ್ಲಿ ಸ್ಟೇರಿಂಗ್ ಅಲ್ಲಾಡಿಸುತ್ತ, ಪಕ್ಕದ ನಟಿಯ ಮುಖವನ್ನೇ ನೋಡುತ್ತ ಉದ್ದುದ್ದ ಮಾತು ಹೇಳಿದ ಮನುಷ್ಯ ಅವನು. ಹುಟ್ಟುಗುಣ ಬಿಟ್ಟರೂ ರೂಢಿ ಬಿಟ್ಟೀತೇ?

ಬಾನೆಟ್ಟಿಗೆ ಕ್ಯಾಮೆರಾ ಕಟ್ಟಿದರು. ಮಹಾಗಾಂವದ ಹತ್ತಿರ ಬಂದಾಗ, ಮುಂದಿನ ಟೆಂಪೊದಲ್ಲಿದ್ದ ನಿರ್ದೇಶಕ ಫೋನಿನಲ್ಲಿ “ಆಕ್ಷನ್” ಎಂದ. ಚಾದರದೊಳಗೆ ನನಗೇನೂ ಕಾಣುತ್ತಿರಲಿಲ್ಲ. ಕೇಳುತ್ತಿತ್ತು ಅಷ್ಟೇ. ನಟ ಮುಖ ತಿರುಗಿಸಿದರೆ ಅವನ ದನಿ ಬದಲಾಗುವುದು ನನಗೆ ಗೊತ್ತು. ತಿರುಗಿಸಿದ. ಮತ್ತೆ ಮುಂದೆ ನೋಡಲೇ ಇಲ್ಲ. ಕಾರು ಅತ್ತ ಇತ್ತ ಓಲಾಡತೊಡಗಿತು. ಎದುರಿನಿಂದ ಲಾರಿಯ ಹಾರನ್ ದೊಡ್ಡದಾಗುತ್ತ ಬಂತು. ಸದ್ದು ಮಾಡಬಾರದು, ಟೇಕ್ ನಡೆದಿದೆ. ನಾನು ಚಾದರ ಕಚ್ಚಿಕೊಂಡೆ. ಅಪ್ಪ ಸತ್ತ ರಸ್ತೆಯಲ್ಲೇ ನಾನೂ ಸಾಯುತ್ತೇನೆ ಅನ್ನಿಸಿತು.

“ಯವ್ವಾ! ಮುಂದ ನೋಡ್ರೀ!” ಎಂದು ಒದರಿಬಿಟ್ಟೆ.

ಬ್ರೇಕ್ ಬಿತ್ತು. ಕಾರು ಮಣ್ಣಿಗಿಳಿದು ನಿಂತಿತು. ಲಾರಿ ನಮ್ಮ ಕಾರನ್ನು ಗಾಳಿಯಲ್ಲೇ ಅಲುಗಾಡಿಸಿ ಹಾದುಹೋಯಿತು. ನಟಿ ಅಳುತ್ತಿದ್ದಳು. ನಟ “ತಪ್ಪಾತವ್ವ, ತಪ್ಪಾತು,” ಎಂದು ಕೈಮುಗಿದ. ನಿರ್ದೇಶಕ ಮಾತ್ರ ಓಡಿಬಂದವನೇ, “ಬಂಗಾರದಂಥಾ ಶಾಟ್! ಆ ಒದರಿದ್ದು ಹಂಗೇ ಇರ್ಲಿ!” ಎಂದ. ಇವನ ಬಾಯಾಗ ಮಣ್ಣು ಬೀಳಲಿ!

ಪ್ರಸಾರದ ದಿನ ಓಣಿಯ ಹೆಂಗಸರೆಲ್ಲ ನಮ್ಮ ಮನೆಯಲ್ಲಿ ಸೇರಿದ್ದರು. ಕಾರಿನ ಹಿಂದಿನ ಸೀಟಿನಿಂದ ಕಾಣದ ಯಾರೋ “ಯವ್ವಾ!” ಎಂದು ಒದರಿದಾಗ ಟಿವಿಯೊಳಗಿನ ನಗುವಿನ ಜೊತೆ ಇವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದ ಅವ್ವನ ಕೈ ನಿಂತಿತು. ನನ್ನ ಕಡೆ ತಿರುಗಿದಳು.

“ಗಾಡಿ ನಿಂತೇ ಇತ್ತಲ್ಲ?” ಎಂದಳು.