ಅತ್ತೆ ಸಾರಿಸಿದ ಗೋಡೆ

ಕನ್ನಡನಾಡು ಒಂದಾದ ಮರುವರ್ಷ ಸೊರಬದ ಕಡೆಯ ನನ್ನನ್ನು ಶಿಕಾರಿಪುರದ ಹತ್ತಿರದ ಹಳ್ಳಿಗೆ ಕೊಟ್ಟರು. ತವರಿನಲ್ಲಿ ಮದುವೆ ಬಂತೆಂದರೆ ನಾವು ಹೆಣ್ಣುಮಕ್ಕಳು ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಿದ್ದೆವು. ಗಂಡನ ಊರಿನಲ್ಲಿ ಆ ಪದ್ಧತಿ ಇರಲಿಲ್ಲ. ನಾನೂ ಬಿಟ್ಟುಬಿಟ್ಟೆ.

ನನ್ನ ಚೊಚ್ಚಲ ಮಗು ಹುಟ್ಟಿದ ತಿಂಗಳೊಳಗೆ ತೀರಿಕೊಂಡಿತು. ಆಮೇಲೆ ನನಗೆ ಮಾತೇ ಬೇಡವಾಯಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ನಡುಮನೆಯ ಗೋಡೆಗೆ ಕೆಮ್ಮಣ್ಣು ಸಾರಿಸಿ, ಅಕ್ಕಿ ರುಬ್ಬಿಟ್ಟಿದ್ದರು.

"ನಿನ್ ತವರಾಗ ಬರೀತಿದ್ಯಂತಲ್ಲ, ಬರಿ," ಎಂದರು.

"ಮನೇಲಿ ಮದುವೆ ಇಲ್ವಲ್ಲ ಅತ್ತೆ. ಏನು ಬರೀಲಿ?"

"ನಿನ್ ಮನಸಿಗೆ ಬಂದಿದ್ದು ಬರಿ."

ಅವ್ವ ಕಲಿಸಿದ ಮದುವೆಯ ಚಿತ್ತಾರ ಯಾವುದೂ ಕೈಗೆ ಬರಲಿಲ್ಲ. ನಾರಿನ ಕುಂಚ ಅದ್ದಿ ಒಂದು ತೊಟ್ಟಿಲು ಬರೆದೆ. ಅದರೊಳಗೆ ಏನನ್ನೂ ಬರೆಯದೆ ಸುತ್ತ ಹಕ್ಕಿಗಳನ್ನು ಬರೆದೆ. ಅಷ್ಟು ದಿನ ಬಾರದ ಅಳು ಆಗ ಬಂತು.

ಪಕ್ಕದ ಮನೆಯಾಕೆ ಬಂದು ನೋಡಿ, "ಗ್ವಾಡಿ ಮ್ಯಾಲೆ ಯಾರಾರ ಖಾಲಿ ತೊಟ್ಲ ಬರೀತಾರೇನ್ರಿ?" ಎಂದು ಅತ್ತೆಯನ್ನು ಕೇಳಿದಳು.

"ನಮ್ ಸೊಸಿ ಬರೀತಾಳ," ಎಂದರು ಅತ್ತೆ.

ಆಕೆ ಹೋದ ಮೇಲೆ ಅತ್ತೆ ಗೋಡೆಯ ಮುಂದೆ ಬಂದು ಕೂತರು. ಆಮೇಲೆ ಮೆಲ್ಲಗೆ, "ನನ್ನವೂ ಎರಡು ಹೋಗ್ಯಾವ. ನಾನೂ ಬರೀಲೇನು?" ಎಂದರು.

ಅದುವರೆಗೆ ಅವರು ಒಂದು ಗೆರೆಯನ್ನೂ ಎಳೆದವರಲ್ಲ. ಹೇಗೆಂದು ತೋರಿಸಹೋದರೆ ಬೇಡವೆಂದರು. ಕುಂಚ ತೆಗೆದುಕೊಂಡು ತೊಟ್ಟಿಲ ಪಕ್ಕ, ಕೂಸಿನ ತಲೆಗೆ ಹಾಕುವಂಥ ಎರಡು ಪುಟ್ಟ ಕುಲಾವಿ ಬರೆದರು. ಸೊಟ್ಟಗಿದ್ದವು. ನಾನು ತಿದ್ದಲಿಲ್ಲ.

ಅಲ್ಲಿಂದ ಮುಂದೆ ದೀಪಾವಳಿಗೆ ಗೋಡೆ ಸಾರಿಸಿದಾಗಲೆಲ್ಲ ನಾವಿಬ್ಬರೂ ಕೂತು ಬರೆಯುತ್ತಿದ್ದೆವು. ಏನು ಬರೆಯಬೇಕೆಂದು ಯಾರನ್ನೂ ಕೇಳುತ್ತಿರಲಿಲ್ಲ.