ಮಡಚುವ ಮೇಜು

ಲೆಕ್ಕದ ಮೇಷ್ಟ್ರಿಗೆ ಬೆನ್ನ ಹಿಂದೆ ಎಲ್ಲರೂ ಇಟ್ಟ ಹೆಸರು ‘ಆಯ್ತಪ್ಪ’. ಯಾರು ಏನು ಕೇಳಿದರೂ ಅವನ ಬಾಯಿಂದ ಮೊದಲು ಬರುವುದು ‘ಆಯ್ತು’. ಯಾಕಾದರೂ ಹಾಗಂದೆನೋ ಎಂದು ತಲೆ ಕೆರೆದುಕೊಳ್ಳುವುದು ಆಮೇಲೆ. ಭಾನುವಾರದ ಆರಾಧನೆಗೆ ಕುರ್ಚಿ ಜೋಡಿಸಬೇಕೇ, ಆಯ್ತು. ಯಾರದೋ ಸೋಫಾ ಮೂರನೇ ಮಹಡಿಗೆ ಹೊರಬೇಕೇ, ಆಯ್ತು. ವಾರವಿಡೀ ಭಾಗಾಕಾರ ಕಲಿಸಿ ಗಂಟಲು ಒಣಗಿದ್ದರೂ ಸಂಡೇ ಸ್ಕೂಲಿಗೆ ಮೇಷ್ಟ್ರು ಬೇಕೇ, ಅದೂ ಆಯ್ತು.

ಇಂಥ ಮನುಷ್ಯ ಒಂದೇ ಒಂದು ಪ್ರಶ್ನೆಗೆ ಆಯ್ತು ಎನ್ನಲೂ ಆಗದೆ, ಇಲ್ಲ ಎನ್ನಲೂ ಆಗದೆ ವಾರವೆಲ್ಲ ಚಡಪಡಿಸಿದ್ದ. ಅವನೂ ಅವನ ಹೆಂಡತಿಯೂ ಪಾಠ ಹೇಳುತ್ತಿದ್ದದ್ದು ಪರದೇಶದ ಒಂದೇ ಶಾಲೆಯಲ್ಲಿ. ಹೆಡ್ ಮೇಡಂ ಇಬ್ಬರನ್ನೂ ಕರೆಸಿ ಕೇಳಿದ್ದರು: “ಇನ್ನೆರಡು ವರ್ಷ ಇರ್ತೀರೋ, ಊರಿಗೆ ಹೋಗ್ತೀರೋ? ಸೋಮವಾರ ಬೆಲ್ ಹೊಡೆಯೋದರೊಳಗೆ ಹೇಳಿಬಿಡಿ.”

ಗಂಡ ಹೆಂಡತಿ ಕೂತು ಮಾತಾಡಬೇಕಿತ್ತು. ಆದರೆ ಕೂರಲು ಸಮಯವೆಲ್ಲಿ? ವಾರದ ದಿನಗಳು ಶಾಲೆಗೆ, ಶನಿವಾರ ಭಾನುವಾರ ಚರ್ಚಿನ ಸಭೆಗೆ. ನಮ್ಮ ಭಾಷೆಯವರೆಲ್ಲ ಸೇರುವ ಚರ್ಚಿನಲ್ಲಿ ಅವಳದು ಕೀಬೋರ್ಡು, ಹಾಡುವವರನ್ನು ಅಭ್ಯಾಸ ಮಾಡಿಸುವ ಕೆಲಸವೂ ಅವಳದೇ. ಅವಳು ಮನೆಗೆ ಬಂದರೆ ಹಿಂದೆಯೇ ನಾಲ್ಕು ಜನ ಟೀ ಕುಡಿಯಲು ಬರುತ್ತಿದ್ದರು.

ಅವನಿಗೋ, ಆ ಮನೆಯಲ್ಲಿ ಕೂತರೂ ನೆಮ್ಮದಿಯಿಲ್ಲ, ನಿಂತರೂ ನೆಮ್ಮದಿಯಿಲ್ಲ. ಸಭೆಯಲ್ಲಿ ಒಂದು ಪದ್ಧತಿ ಬೆಳೆದುಬಂದಿತ್ತು: ಊರಿಗೆ ಹೊರಟವರು ತಮ್ಮ ಸಾಮಾನನ್ನು ಉಳಿದವರಿಗೆ ಹಂಚಿ ಹೋಗುವುದು. ಹಾಗಾಗಿ ಅವರ ಮನೆಯ ಫ್ರಿಜ್ಜು ಊರಿಗೆ ಹೋದ ಲ್ಯಾಬ್ ಟೆಕ್ನಿಷಿಯನ್‌ದು. ಮಂಚ, ಕುರ್ಚಿಗಳು ಅದಕ್ಕೂ ಮುಂಚೆ ಹೋದ ಅಕೌಂಟೆಂಟ್ ದಂಪತಿಯವು. ಕಿಟಕಿಗಿಂತ ಗೇಣುದ್ದ ಗಿಡ್ಡವಾದ ಪರದೆ ಯಾರದೆಂದು ಈಗ ಯಾರಿಗೂ ನೆನಪಿಲ್ಲ. “ಟೆಕ್ನಿಷಿಯನ್ ಫ್ರಿಜ್ಜಲ್ಲಿ ಹಾಲಿದೆ, ಕಾಯಿಸಿ” ಎಂದು ಹೆಂಡತಿ ಕೂಗಿ ಹೇಳಿದಾಗಲೆಲ್ಲ, ಯಾರೋ ಬಾಗಿಲು ತಟ್ಟಿ ಎಲ್ಲವನ್ನೂ ವಾಪಸು ಕೇಳುತ್ತಾರೆ ಎಂದು ಅವನಿಗೆ ಅನ್ನಿಸುತ್ತಿತ್ತು.

ಇಬ್ಬರೂ ಕೂಡಿ ಅಂಗಡಿಗೆ ಹೋಗಿ, ಜಗಳವಾಡಿ, ಹೊಸದಾಗಿ ತಂದ ವಸ್ತು ಒಂದೇ: ಮಡಚುವ ಮೇಜು. ಅದರ ಆಚೆಗೊಬ್ಬರು ಈಚೆಗೊಬ್ಬರು ಕೂತು ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದರು. ಅವನಿಗೆ ಕಾಲು ಕುಣಿಸುವ ಚಟ. ಕಾಲು ಕುಣಿದರೆ ಮೇಜು ಕುಣಿಯುತ್ತಿತ್ತು. ಮೇಜು ಕುಣಿದರೆ ಅವಳು ಪುಟ್ಟ ಮಕ್ಕಳಿಗೆ ಬರೆಯುವ ‘ಗುಡ್’ ಬಾಲ ಬಂದು ಪುಟದಾಚೆ ಓಡುತ್ತಿತ್ತು.

“ನಿಮ್ಮ ಕಾಲಿಗೆ ಹಗ್ಗ ಕಟ್ಟಬೇಕು ರೀ.”

“ಆಯ್ತು” ಎನ್ನುತ್ತಿದ್ದ. ಕಾಲು ಮಾತ್ರ ಒಪ್ಪುತ್ತಿರಲಿಲ್ಲ.

ಆ ಶನಿವಾರ ಅವಳು ಹಾಡಿನ ಅಭ್ಯಾಸಕ್ಕೆ ಹೋದಾಗ ಆಯ್ತಪ್ಪ, ಶಾಲೆಗೆ ಹೊಸದಾಗಿ ಸೇರಿದ ವಿಜ್ಞಾನದ ಮೇಷ್ಟ್ರ ಮನೆಗೆ ಬಲ್ಬು ಹಾಕಿಕೊಡಲು ಹೋದ. ಪಕ್ಕದ ಬೀದಿಯಲ್ಲೇ ಮನೆ. ಒಳಗೆ ಮಾತಾಡಿದರೆ ಮಾತು ತಿರುಗಿ ಬರುವಷ್ಟು ಖಾಲಿ. ಹೊಸಬ ಸೂಟ್‌ಕೇಸಿನ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬಗ್ಗಿ ತಿದ್ದುತ್ತಿದ್ದ.

“ಸಾರ್, ಎಲ್ಲಾದರೂ ಒಂದು ಟೇಬಲ್ ಸಿಗುತ್ತಾ?”

“ಆಯ್ತು” ಎಂದಿತು ಬಾಯಿ.

ಮನೆಗೆ ಬಂದು ಸುತ್ತ ನೋಡಿದ. ಟೀಪಾಯಿ ಇತ್ತು, ಸ್ಟೂಲು ಇತ್ತು. ಯಾವುದನ್ನು ಮುಟ್ಟಿದರೂ ಬೇರೆಯವರದನ್ನು ದಾನ ಮಾಡಿದ ಹಾಗೆ. ಕೊಡುವ ಹಕ್ಕು ತನಗಿರುವುದು ಇದೊಂದರ ಮೇಲೆಯೇ ಎಂದು ಮಡಚುವ ಮೇಜನ್ನೇ ಮಡಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಇಳಿದ. ಮೆಟ್ಟಿಲಲ್ಲಿ ಕೆಳಗಿನ ಮನೆಯ ನರ್ಸಮ್ಮ ಎದುರಾದರು.

“ಓಹೋ ಮೇಷ್ಟ್ರೇ, ಹಂಚೋಕೆ ಶುರು ಹಚ್ಕೊಂಡ್ರಾ?”

“ಹೊಸ ಮೇಷ್ಟ್ರಿಗೆ ಟೇಬಲ್ ಬೇಕಿತ್ತು, ಅಷ್ಟೇ…”

“ಇರಲಿ ಇರಲಿ. ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ.”

ನರ್ಸಮ್ಮ ಬಾಯಿ ಬಿಡುವುದಿಲ್ಲ ಎಂದರೆ ಸಂಜೆಯೊಳಗೆ ಸಭೆಗೆಲ್ಲ ಗೊತ್ತಾಗುತ್ತದೆ ಎಂದೇ ಅರ್ಥ. ಹೊರಟವರಲ್ಲದೆ ಬೇರೆ ಯಾರೂ ಮನೆಯ ಸಾಮಾನು ಕೊಡುವುದಿಲ್ಲ ಎಂಬುದು ಆಯ್ತಪ್ಪನಿಗೆ ಹೊಳೆದದ್ದು ಮೇಜನ್ನು ಹೊಸಬರ ಮನೆಯಲ್ಲಿ ಬಿಡಿಸಿ ನಿಲ್ಲಿಸಿದ ಮೇಲೆ.

ಹೆಂಡತಿ ನಾಲ್ಕು ಜನ ಹಾಡುಗಾರರೊಂದಿಗೆ ಬಂದಳು. ಖಾಲಿ ಜಾಗ ನೋಡಿದಳು. ನೆಲದ ಮೇಲೆ ಮೇಜಿನ ಕಾಲಿನ ಗುರುತುಗಳಿದ್ದವು.

“ಮೇಜೆಲ್ಲಿ?”

“ಹೊಸ ಮೇಷ್ಟ್ರಿಗೆ… ಪಾಪ, ಸೂಟ್‌ಕೇಸ್ ಮೇಲೆ ತಿದ್ದುತ್ತಿದ್ರು.”

“ಹ್ಞೂಂ.”

ಅತಿಥಿಗಳ ಮುಂದೆ ಅಷ್ಟೇ. ಅವರು ಹೋದ ಮೇಲೆ ಅವಳು ನೆಲದ ಮೇಲೆ ಕೂತು, ಗೋಡೆಗೆ ಒರಗಿ, ಮಂಡಿಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ತಿದ್ದಿದಳು. ಬೈದಿದ್ದರೆ ವಾಸಿಯಿತ್ತು. ಅವನು ಟೀ ಮಾಡಿ ತಂದ, ಲೋಟ ತೊಳೆದ, ತೊಳೆದ ಲೋಟವನ್ನೇ ಇನ್ನೊಮ್ಮೆ ತೊಳೆದ.

ಭಾನುವಾರ ಸಭೆ ಸೇರುವ ಬಾಡಿಗೆಯ ಸಭಾಂಗಣದಲ್ಲಿ ಕುರ್ಚಿ ಜೋಡಿಸುವಾಗಲೇ ಅವನ ಮೈಮೇಲೆ ಕಣ್ಣುಗಳು ಹರಿದಾಡುತ್ತಿದ್ದವು. ಆರಾಧನೆ ಮುಗಿಯುವ ಹೊತ್ತಿಗೆ ಪಾದ್ರಿ ಅಯ್ಯನವರು ಮೃದುವಾಗಿ ಹೇಳಿದರು: “ನಮ್ಮನ್ನು ಬಿಟ್ಟು ಊರಿಗೆ ಹೊರಟಿರೋ ಕುಟುಂಬ ಇದ್ದರೆ ಮುಂದೆ ಬನ್ನಿ, ಪ್ರಾರ್ಥನೆ ಮಾಡಿ ಕಳಿಸೋಣ.”

ಸಭೆಯ ಕತ್ತುಗಳೆಲ್ಲ ಒಂದೇ ಕಡೆ ತಿರುಗಿದವು. ಸರಿಯಾಗಿ ಆಗಲೇ ಹೆಂಡತಿ ಎದ್ದು ಮುಂದೆ ನಡೆದಳು. ಹಿಂದಿನ ಸಾಲಿನಲ್ಲಿ ನರ್ಸಮ್ಮ ಮೂಗು ಒರೆಸಿಕೊಂಡರು. ಅಯ್ಯನವರು ಅವಳ ತಲೆಯ ಮೇಲೆ ಇಡಲು ಕೈ ಎತ್ತಿದರು.

“ಅಯ್ಯನವರೇ, ನಾನು ಕೊನೇ ಹಾಡಿಗೆ ಬಂದೆ” ಎಂದಳು ಅವಳು.

ಇಡೀ ಸಭೆ ಗೊಳ್ಳೆಂದು ನಕ್ಕಿತು. ಅವಳು ನಗಲಿಲ್ಲ. ಹಾಡನ್ನು ಎಂದಿಗಿಂತ ಜೋರಾಗಿ ಓಡಿಸಿದಳು. ಅಜ್ಜಂದಿರು ಅರ್ಧದಲ್ಲೇ ಏದುಸಿರು ಬಿಟ್ಟು ಕೂತರು.

ಎಲ್ಲರೂ ಕೂಡಿ ಉಣ್ಣುವಾಗ ಶುರುವಾಯಿತು.

“ಮೇಷ್ಟ್ರೇ, ಫ್ರಿಜ್ಜು ನಂಗಿರಲಿ” ಎಂದ ಬಸ್ ಓಡಿಸುವ ಡ್ರೈವರಣ್ಣ.

“ಆಯ್ತು.”

“ವಾಷಿಂಗ್ ಮಷೀನ್ ಮೇಲೆ ನಾನು ಮೊದಲಿಂದಲೂ ಕಣ್ಣಿಟ್ಟಿದ್ದೀನಪ್ಪ” ಎಂದರು ನರ್ಸಮ್ಮ.

“ಆಯ್ತು.”

ತಟ್ಟೆ ಖಾಲಿಯಾಗುವಷ್ಟರಲ್ಲಿ ಅರ್ಧ ಮನೆ ಹೋಗಿತ್ತು. ಸಾರಿನ ಪಾತ್ರೆ ಹಿಡಿದು ಬಡಿಸುತ್ತಿದ್ದ ಹೆಂಡತಿ ಅಲ್ಲೇ ನಿಂತಳು. “ಎಲ್ಲಾ ತಗೊಳ್ಳಿ. ಕೊನೆಗೆ ಇವರೊಬ್ಬರು ಉಳೀತಾರೆ. ಇವರನ್ನೂ ಯಾರಾದರೂ ಹೇಳಿಟ್ಟುಕೊಳ್ಳಿ. ಕಾಲು ಕುಣಿಸ್ತಾರೆ, ಅದೊಂದು ಬಿಟ್ರೆ ಗಟ್ಟಿ ಮಾಲು.”

“ಬೇಡಮ್ಮ ತಾಯಿ, ಅದಕ್ಕೆ ರಿಪೇರಿ ಜಾಸ್ತಿ” ಎಂದರು ನರ್ಸಮ್ಮ.

ಸಭಾಂಗಣದ ಹಿಂದಿನ ಅಡುಗೆಕೋಣೆಯಲ್ಲಿ ಪಾತ್ರೆ ತೊಳೆಯುವ ಸರದಿ ಅಂದು ಅವರದೇ. ಎರಡು ದಿನದಲ್ಲಿ ಮೊದಲ ಬಾರಿ ಇಬ್ಬರೇ ಮಾತಿಗೆ ನಿಂತರು.

“ಹೋಗಬೇಕು ಅಂತಿದ್ರೆ ನಂಗೆ ಹೇಳೋದಲ್ವಾ? ನರ್ಸಮ್ಮನಿಂದ ತಿಳೀಬೇಕಾ?”

“ಹೋಗಬೇಕೋ ಬೇಡವೋ ನಂಗೇ ಗೊತ್ತಿಲ್ಲ ಕಣೇ.”

“ಗೊತ್ತಿಲ್ಲದೇನೇ ಮೇಜು ಹೋಯ್ತಾ? ಮಂಚ ಕೊಡಬೇಕಿತ್ತು, ನೆಲದ ಮೇಲೆ ಮಲಗ್ತಿದ್ದೆ. ಮೇಜು ನಾವು ತಂದಿದ್ದು ಕಣ್ರೀ.” ಅವಳು ಬೋಗುಣಿಯನ್ನು ಬೋರಲು ಹಾಕಿದಳು. “ನನ್ನದು ಹೇಳಿಬಿಡ್ತೀನಿ. ಊರಲ್ಲಿ ನಾನು ಯಾರಾದರೂ ರಜಾ ಹಾಕಿದ ದಿನ ಕರೆಸ್ಕೊಳ್ಳೋ ಟೀಚರ್. ಇಲ್ಲಿ ನಂದೇ ಒಂದು ಕ್ಲಾಸಿದೆ. ನಂಗೆ ಇರಬೇಕು. ಈಗ ನಿಮ್ಮದು ಹೇಳಿ. ಆಯ್ತು ಅಂದ್ರೆ ಈ ಸೌಟಲ್ಲೇ ಕೊಡ್ತೀನಿ.”

ಆಯ್ತಪ್ಪ ಒದ್ದೆ ಕೈಯಲ್ಲೇ ಹಣೆ ಒರೆಸಿಕೊಂಡ. “ಊರು ಬೇಕು ಅಂತಲ್ಲ. ಬಿಟ್ಟುಹೋದವರ ಮನೇಲಿ ಸಾಮಾನು ಕಾಯ್ತಾ ಕೂತ ಹಾಗಿದೆ. ನಮ್ದು ಅನ್ನೋದು ಏನೂ ಇಲ್ಲ.”

“ಅದಕ್ಕೆ ಇದ್ದ ಒಂದನ್ನೂ ಕೊಟ್ಟು ಬಂದ್ರಾ? ನೀವು ಲೆಕ್ಕದ ಮೇಷ್ಟ್ರು ಬೇರೆ!”

ನಗು ತಡೆಯಲು ಅವಳು ನಲ್ಲಿ ಜೋರಾಗಿ ತಿರುಗಿಸಿದಳು.

ಸಂಜೆ ಮೇಜನ್ನು ವಾಪಸು ಕೇಳಲು ಇಬ್ಬರೂ ಹೊಸಬರ ಮನೆಗೆ ಹೋದರು. ಬಾಗಿಲು ತೆರೆದರೆ, ಮೇಜಿನ ಆಚೆ ಸೂಟ್‌ಕೇಸಿನ ಮೇಲೆ ಹೊಸಬ, ಈಚೆ ಮಗುಚಿದ ಬಕೆಟ್ಟಿನ ಮೇಲೆ ಅವನ ಹೆಂಡತಿ. ಮಧ್ಯೆ ತಿದ್ದಿದ ನೋಟ್‌ಬುಕ್ಕುಗಳು, ಎರಡು ಲೋಟ.

“ಬನ್ನಿ ಸಾರ್, ಬನ್ನಿ ಅಕ್ಕಾ! ಇದು ಬಂದ ಮೇಲೆ ಮನೆ ಅನ್ನಿಸ್ತಿದೆ.”

ಆಯ್ತಪ್ಪ ಹೆಂಡತಿಯ ಮುಖ ನೋಡಿದ. ಅವಳು ಮೇಜಿನ ಅಂಚನ್ನು ಒಮ್ಮೆ ಅಲ್ಲಾಡಿಸಿದಳು. “ಏನಿಲ್ಲ, ಕಾಲು ಸರಿಯಾಗಿ ಕೂತಿದೆಯಾ ನೋಡೋಣ ಅಂತ ಬಂದ್ವಿ.”

ಬೀದಿಗಿಳಿದವಳೇ, “ಬೇಗ ನಡೀರಿ, ಅಂಗಡಿ ಮುಚ್ಚಿಬಿಡ್ತಾನೆ” ಎಂದಳು.

ಅಂಗಡಿಯವನು ಕೇಳಿದ: “ಮಡಚೋದಾ, ಮಡಚದೇ ಇರೋದಾ?”

ಅವಳು ಬೇಕೆಂದೇ ಕನ್ನಡಿಗಳ ಕಡೆ ಹೋಗಿ ನಿಂತಳು. ಆಯ್ತಪ್ಪನ ಕಾಲು ಕುಣಿಯತೊಡಗಿತು. ಮಡಚುವುದು ಹಗುರ. ಯಾವಾಗ ಬೇಕಾದರೂ ಎತ್ತಿಕೊಂಡು ಹೊರಡಬಹುದು. ಅಂಗಡಿಯವನು ಗಡಿಯಾರ ನೋಡಿದ, ಕೆಮ್ಮಿದ.

“ಮಡಚದೇ ಇರೋದು” ಎಂದ ಆಯ್ತಪ್ಪ. ತನ್ನ ದನಿ ತನಗೇ ಗಟ್ಟಿಯಾಗಿ ಕೇಳಿ ಬೆಚ್ಚಿದ.

ಮೆಟ್ಟಿಲಿನ ತಿರುವಿನಲ್ಲಿ ಮೇಜು ಸಿಕ್ಕಿಕೊಂಡಿತು. ಮೇಲೆ ಅವಳು, ಕೆಳಗೆ ಅವನು. ಸದ್ದಿಗೆ ನರ್ಸಮ್ಮ ಹೊರಬಂದರು.

“ಇದೇನ್ರೀ ಮೇಷ್ಟ್ರೇ, ಹೋಗೋರು ಸಾಮಾನು ಒಳಗೆ ತರ್ತಾರಾ? ನನ್ನ ವಾಷಿಂಗ್ ಮಷೀನ್ ಗತಿ?”

“ಕೊಡಲ್ಲ” ಎಂದಿತು ಮೇಜಿನ ಅಡಿಯಿಂದ ಒಂದು ದನಿ. “ಇನ್ನೆರಡು ವರ್ಷ ಅದು ನಮ್ಮ ಬಟ್ಟೇನೇ ಒಗೆಯುತ್ತೆ. ಸ್ವಲ್ಪ ಆ ಕಾಲು ಎತ್ತಿ ಕೊಡಿ.”

ನರ್ಸಮ್ಮ ಬಾಯಿ ಬಿಟ್ಟುಕೊಂಡು ನಿಂತರು. ಆಮೇಲೆ ಸೆರಗು ಸಿಕ್ಕಿಸಿ ಕೈ ಹಚ್ಚಿದರು.

ಮೇಜು ಒಳಗೆ ಬಂದ ಮೇಲೆ ಆಯ್ತಪ್ಪನೇ ಹೆಡ್ ಮೇಡಂಗೆ ಫೋನು ಮಾಡಿ ಹೇಳಿದ. ಆಮೇಲೆ ಆಚೆಗೊಬ್ಬರು ಈಚೆಗೊಬ್ಬರು ಕೂತರು. ಸ್ವಲ್ಪ ಹೊತ್ತಿಗೆ ಅವನ ಕಾಲು ತನ್ನ ಪಾಡಿಗೆ ಕುಣಿಯತೊಡಗಿತು. ಮೇಜು ಜಪ್ಪಯ್ಯ ಅನ್ನಲಿಲ್ಲ. ಅವಳ ‘ಗುಡ್’ ನೆಟ್ಟಗೆ ಕೂತಿತು.

ಕಿರುಗುಟ್ಟುತ್ತಿದ್ದದ್ದು ಅವನ ಕುರ್ಚಿ. ಅದು ಅಕೌಂಟೆಂಟ್ ದಂಪತಿಯದು.